ರಸ್ತೆ ಅಗಲ ಮಾಡುವುದು ಬಿಟ್ಟೆ, ರೈಲು ಜೋಡಿಸಿದೆ: ನನ್ನ ಸಿಟೀಸ್ ಸ್ಕೈಲೈನ್ಸ್ ಅನುಭವ

ಸಿಟೀಸ್ ಸ್ಕೈಲೈನ್ಸ್ ಅಂದರೆ ಕಂಪ್ಯೂಟರಿನಲ್ಲಿ ಊರು ಕಟ್ಟಿ ನಡೆಸುವ ಆಟ. ನಿನ್ನೆ ರಾತ್ರಿ ಅದರಲ್ಲಿ ನಾನು ಕಟ್ಟಿದ ಊರಿನ ಟ್ರಾಫಿಕ್ ಹರಿವು ನೂರಕ್ಕೆ 84 ತೋರಿಸಿತು. ಈ ಅಂಕಿ ಹೆಚ್ಚಿದ್ದಷ್ಟೂ ಗಾಡಿಗಳು ಸರಾಗ. ಜನಸಂಖ್ಯೆ 1 ಲಕ್ಷ 80 ಸಾವಿರದ ಆಸುಪಾಸು. ಇದೇ ಊರು ನಾಲ್ಕು ತಿಂಗಳ ಹಿಂದೆ 47ಕ್ಕೆ ಇಳಿದು ಒದ್ದಾಡುತ್ತಿತ್ತು. ಆಗ ಸೇವ್ ಫೈಲನ್ನು, ಅಂದರೆ ಉಳಿಸಿಟ್ಟ ಆಟದ ಕಡತವನ್ನು, ಜೊತೆಗೆ ಆಡುವ ಗೆಳೆಯರಿಗೆ ಕಳಿಸಿದ್ದೆ. ಒಬ್ಬರು ನೋಡಿ, "ಇದು ಕೈ ಮೀರಿದೆ, ಹೊಸ ಮ್ಯಾಪ್ ತೆಗೆಯಿರಿ" ಅಂದರು. ಇನ್ನೊಬ್ಬರು ನಡು ಊರನ್ನು ಸೀಳಿ ಹೈವೇ ಎಳೆಯಲು ಹೇಳಿದರು. ನಾನು ರೈಲಿನಿಂದಲೇ ಬಿಡಿಸುತ್ತೇನೆ ಅಂದೆ. ಯಾರೂ ನಂಬಲಿಲ್ಲ. ಈ ಆಟದಲ್ಲಿ ರೈಲು ಹೆಸರಿಗೆ ಮಾತ್ರ, ಟ್ರಾಫಿಕ್ ಇಳಿಸಬೇಕು ಅಂದರೆ ಮೆಟ್ರೋ ಮತ್ತು ಸರ್ಕಲ್ಲು ಅಷ್ಟೇ ಅನ್ನುವುದು ಎಲ್ಲರ ವಾದವಾಗಿತ್ತು. ಅದಕ್ಕೇ ಕೂತು ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು 2015ರ ಹಳೇ ಸಿಟೀಸ್ ಸ್ಕೈಲೈನ್ಸ್. 2023ರಲ್ಲಿ ಬಂದ ಎರಡನೆಯದರ ಮಾತಲ್ಲ. ಟ್ರಾಫಿಕ್ ಮ್ಯಾನೇಜರ್ ಮಾಡ್ (ಮಾಡ್ ಅಂದರೆ ಆಟಗಾರರೇ ಮಾಡಿ ಆಟಕ್ಕೆ ಸೇರಿಸುವ ಜೋಡಣೆ) ಹಾಕಿದ್ದೇನೆ, ಸಿಕ್ಕಿಕೊಂಡ ಗಾಡಿ ತಾನಾಗಿ ಮಾಯವಾಗುವುದನ್ನು ಬಂದ್ ಮಾಡಿದ್ದೇನೆ. ಈ ಒಂದು ಮಾತು ಮುಖ್ಯ. ಗಾಡಿ ಮಾಯವಾಗುವ ಹಾಗೆ ಬಿಟ್ಟುಕೊಂಡು 85, 90 ತೋರಿಸುವವರು ತುಂಬ ಜನ ಇದ್ದಾರೆ. ಅದು ಲೆಕ್ಕಕ್ಕಿಲ್ಲ. ನನ್ನ ಊರಲ್ಲಿ ಮನೆಯಿಂದ ಹೊರಟ ಪ್ರತಿ ಗಾಡಿಯೂ ಎಲ್ಲಿಗೋ ಹೋಗಿ ಮುಟ್ಟಲೇಬೇಕು. ದುಡ್ಡು ಕೂಡ ನಿಜದ ದುಡ್ಡೇ, ಅನಿಯಮಿತ ಹಣದ ಮಾಡ್ ಹಾಕಿಲ್ಲ.

ಊರಿನ ಆಕಾರ ಹೀಗಿದೆ. ನಡುವೆ ನದಿ. ಪಶ್ಚಿಮ ದಡದಲ್ಲಿ ಆಫೀಸು, ಅಂಗಡಿ, ಎತ್ತರದ ಮನೆಗಳು. ಪೂರ್ವ ದಡದಲ್ಲಿ ಕಾರ್ಖಾನೆ ಮತ್ತು ಹಳೇ ಮನೆಗಳು. ಎರಡೂ ಕಡೆ ಒಂದೊಂದು ದೊಡ್ಡ ರೈಲ್ವೆ ಸ್ಟೇಷನ್, ಎರಡೂ ಕೊನೆ ಸ್ಟೇಷನ್. ಅಂದರೆ ಹಳಿ ಅಲ್ಲಿಗೇ ಮುಗಿಯುತ್ತದೆ, ರೈಲು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಪಶ್ಚಿಮದ ಬಡಾವಣೆಗಳ ಮೂರು ಕವಲು ಪಶ್ಚಿಮ ಸ್ಟೇಷನ್ನಿಗೆ ಬರುತ್ತವೆ, ಪೂರ್ವದ ಮೂರು ಕವಲು ಪೂರ್ವ ಸ್ಟೇಷನ್ನಿಗೆ. ನಡುವೆ ಒಂದೂವರೆ ಕಿಲೋಮೀಟರ್ ಜಾಗ, ಅದರಲ್ಲಿ ನದಿ, ಎರಡು ಸೇತುವೆ, ಮತ್ತು ಊರಲ್ಲೇ ದಟ್ಟವಾದ ಕಟ್ಟಡಗಳು. ಪೂರ್ವದವನು ಪಶ್ಚಿಮದ ಆಫೀಸಿಗೆ ಹೋಗಬೇಕಾದರೆ ರೈಲಿಳಿದು ಬಸ್ ಹತ್ತಿ ಸೇತುವೆ ದಾಟಬೇಕು. ಅವನು ಯಾಕೆ ಹಾಗೆ ಮಾಡುತ್ತಾನೆ? ಮನೆಯಿಂದಲೇ ಕಾರು ತೆಗೆಯುತ್ತಾನೆ. ಎಲ್ಲರೂ ಹಾಗೇ ಮಾಡುತ್ತಿದ್ದರು.

ಬಾಯಲ್ಲಿ ರೈಲು ಅಂದಿದ್ದರೂ ಮೊದಲು ನಾನೂ ಎಲ್ಲರ ಹಾಗೆ ರಸ್ತೆಗೇ ಕೈ ಹಾಕಿದೆ. ಸೇತುವೆಗೆ ಬರುವ ದಾರಿಗಳು ಬಹುತೇಕ ಎರಡು ಲೇನಿನವು. ಅವನ್ನು ಆರು ಲೇನ್ ಮಾಡಿದೆ. ಆಡುವವರಿಗೆ ಗೊತ್ತು, ನಾಲ್ಕು ಲೇನಿಂದ ಆರಕ್ಕೆ ಏರಿಸಿದರೆ ಕಟ್ಟಡಕ್ಕೆ ಏನೂ ಆಗಲ್ಲ, ಎರಡರ ಅಗಲವೂ ಒಂದೇ. ಆದರೆ ಎರಡು ಲೇನಿಂದ ಏರಿಸಿದರೆ ಎರಡೂ ಬದಿಯ ಸಾಲು ನೆಲಸಮ. ಕೆಡವುವುದಕ್ಕೆ ದುಡ್ಡು ಬೀಳಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆಮೇಲೆ ಲೆಕ್ಕ ಹಾಕಿದರೆ ಹೊಟ್ಟೆ ಉರಿಯಿತು. ರಸ್ತೆಗೆ ಸುಮಾರು 3 ಲಕ್ಷ ಹೋಗಿತ್ತು. ಎಂಟೊಂಬತ್ತು ಸಾವಿರ ಜನ ಊರು ಬಿಟ್ಟಿದ್ದರು, ಅವರ ಜೊತೆ ಅವರ ತೆರಿಗೆಯೂ ಹೋಯಿತು. ವಾರದ ಉಳಿತಾಯ 38 ಸಾವಿರದಿಂದ 29ಕ್ಕೋ 30ಕ್ಕೋ ಬಂತು. ಇಷ್ಟೆಲ್ಲ ಮಾಡಿ ಹರಿವು 47ರಿಂದ 52 ಆಯಿತು. ಎರಡು ವರ್ಷ, ಅಂದರೆ ಆಟದ ಎರಡು ವರ್ಷ ಕಳೆಯುವಷ್ಟರಲ್ಲಿ ಮತ್ತೆ 48. ಅಗಲ ಮಾಡಿದ ದಾರಿಯ ಪಕ್ಕ ಕಟ್ಟಡಗಳು ಇನ್ನೂ ಎತ್ತರಕ್ಕೆ ಬೆಳೆದವು, ಜನ ಬಂದರು, ಕಾರೂ ಬಂತು.

ಇದೇನು ಆಟದ ತಪ್ಪಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಎಂಬ ಹೆದ್ದಾರಿಯನ್ನು ಹಿಗ್ಗಿಸುವ ಕೆಲಸ 2008ರಲ್ಲಿ ಮುಗಿಯಿತು, ಪಕ್ಕದ ಸರ್ವಿಸ್ ರಸ್ತೆ ಸೇರಿ ಕೆಲವು ಕಡೆ 26 ಲೇನ್. ಕೆಲವೇ ವರ್ಷದಲ್ಲಿ ದಟ್ಟಣೆ ಹೊತ್ತಿನ ಪ್ರಯಾಣ ಮತ್ತೆ ಉದ್ದವಾಯಿತು. ಆಂಥೊನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲೇ ಇದನ್ನು ಬರೆದಿದ್ದರು. ಓದಿದ್ದೆ, ಗೊತ್ತಿತ್ತು, ಆದರೂ ನನ್ನ ಊರಲ್ಲಿ ಹಾಗಾಗಲ್ಲ ಅಂದುಕೊಂಡಿದ್ದೆ. ಕೈ ಸುಟ್ಟ ಮೇಲೆ ನಂಬಿದೆ.

ಅದಾದ ಮೇಲೆ ಒಂದು ಇಡೀ ಸಂಜೆ ಏನೂ ಕಟ್ಟದೆ ಸುಮ್ನೆ ನೋಡುತ್ತಾ ಕೂತೆ. ಟ್ರಾಫಿಕ್ ರೂಟ್ ನೋಟ ಇದೆಯಲ್ಲ, ರಸ್ತೆಯ ಒಂದು ತುಂಡಿನ ಮೇಲೆ ಕ್ಲಿಕ್ ಮಾಡಿದರೆ ಅಲ್ಲಿ ಹಾಯುವ ಗಾಡಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಅಂತ ಬಣ್ಣದ ಗೆರೆಯಲ್ಲಿ ತೋರಿಸುತ್ತದೆ. ಉತ್ತರದ ಸೇತುವೆ ಮೇಲೆ ಕ್ಲಿಕ್ ಮಾಡಿದೆ. ಖಾಸಗಿ ಕಾರು, ಬಸ್ಸು ಎಲ್ಲ ಆರಿಸಿ ಲಾರಿ ಮಾತ್ರ ಇಟ್ಟೆ. ಗೆರೆಗಳೆಲ್ಲ ಪೂರ್ವದ ಕಾರ್ಖಾನೆಯಿಂದ ಹೊರಟು, ಸೇತುವೆ ಹತ್ತಿ, ಆಫೀಸು ಬೀದಿ ಹಾದು, ಪಶ್ಚಿಮದ ಅಂಚಿನಲ್ಲಿದ್ದ ಗೂಡ್ಸ್ ಶೆಡ್ಡಿಗೆ ಹೋಗಿ ನಿಂತಿದ್ದವು. ಒಂದು ಹಗ್ಗದ ಹಾಗೆ. ಸೇತುವೆ ಮೇಲಿನ ಗಾಡಿಗಳಲ್ಲಿ ಹೆಚ್ಚು ಕಮ್ಮಿ ಮೂರನೇ ಒಂದು ಭಾಗ ಲಾರಿ, ಅದರಲ್ಲಿ ಒಂದಕ್ಕೂ ನಡು ಊರಲ್ಲಿ ಕೆಲಸವೇ ಇಲ್ಲ! ಊರು ಚಿಕ್ಕದಿದ್ದಾಗ ಹಳಿ ಪಶ್ಚಿಮದಲ್ಲಿ ಮಾತ್ರ ಇತ್ತು, ಆಗ ಗೂಡ್ಸ್ ಶೆಡ್ ಅಲ್ಲೇ ಕಟ್ಟಿದ್ದೆ. ಆಮೇಲೆ ಕಾರ್ಖಾನೆ ಪೂರ್ವಕ್ಕೆ ಹೋಯಿತು, ಶೆಡ್ ಅಲ್ಲೇ ಉಳಿಯಿತು.

ಆ ರಾತ್ರಿಯೇ ಶೆಡ್ ಪೂರ್ವಕ್ಕೆ ತಂದೆ. ಕಾರ್ಖಾನೆಗಳ ಬೆನ್ನಿಗೆ, ಪೂರ್ವದ ಹಳಿಗೆ ಅಂಟಿಕೊಂಡ ಹಾಗೆ. ಶೆಡ್ ಮುಂದಿನ ರಸ್ತೆಯಲ್ಲೇ ಜಾಮ್ ಆಗುವುದು ಎಲ್ಲರಿಗೂ ಗೊತ್ತಿರುವ ಕಾಟ, ಅದಕ್ಕೆ ಮುಂದೆ ಒಂದೇ ದಿಕ್ಕಿನ ಸುತ್ತು ರಸ್ತೆ ಕೊಟ್ಟೆ, ಒಳಗೆ ಬರುವ ಲಾರಿ ಮತ್ತು ಹೊರಗೆ ಹೋಗುವ ಲಾರಿ ಎಲ್ಲೂ ಎದುರಾಗದ ಹಾಗೆ. ಎಲ್ಲ ಸೇರಿ ಒಂದು ಲಕ್ಷದೊಳಗೆ ಮುಗಿಯಿತು. ಹರಿವು 48ರಿಂದ 59. ಒಂದೇ ಏಟಿಗೆ ಹನ್ನೊಂದು ಅಂಕ, ಅದೂ ರಸ್ತೆ ಅಗಲ ಮಾಡಿದ ಖರ್ಚಿನ ಮೂರನೇ ಒಂದರಲ್ಲಿ. ಅಗಲ ಮಾಡುವ ಮೊದಲು ಈ ಒಂದು ಕ್ಲಿಕ್ ಮಾಡಿದ್ದರೆ ಆ ಎಂಟು ಸಾವಿರ ಜನ ಊರಲ್ಲೇ ಇರುತ್ತಿದ್ದರು.

ಇನ್ನು ರೈಲಿನ ವಿಷಯ. ನನ್ನ ಯೋಚನೆ ಸರಳ. ಎರಡು ಕೊನೆ ಸ್ಟೇಷನ್ನುಗಳನ್ನು ನೆಲದಡಿ ಸುರಂಗದಿಂದ ಜೋಡಿಸಬೇಕು. ಪಶ್ಚಿಮದ ಕವಲಿನಿಂದ ಬಂದ ರೈಲು ಊರೊಳಗೆ ಹಾದು ಪೂರ್ವದ ಕವಲಿಗೆ ಹೋಗಿಬಿಡಬೇಕು. ಹಿಂದಕ್ಕೆ ತಿರುಗುವ ಮಾತೇ ಇರಬಾರದು. ಕೊನೆ ಸ್ಟೇಷನ್ನಿನ ಕಷ್ಟ ಏನು ಅಂದರೆ, ಒಳಗೆ ಬರುವ ರೈಲು, ಹೊರಗೆ ಹೋಗುವ ರೈಲು ಎರಡೂ ಸ್ಟೇಷನ್ ಬಾಯಲ್ಲಿ ಒಂದರ ದಾರಿಗೆ ಇನ್ನೊಂದು ಅಡ್ಡ ಬರುತ್ತವೆ. ಪ್ಲಾಟ್‌ಫಾರಂ ಎಷ್ಟು ಹೆಚ್ಚಿಸಿದರೂ ಆ ಬಾಯಿ ಅಗಲ ಆಗಲ್ಲ. ನಾನು ಆರು ಪ್ಲಾಟ್‌ಫಾರಂ ತನಕ ಕಟ್ಟಿ ನೋಡಿದ್ದೆ. ರೈಲುಗಳು ಹೊರಗೆ ಸಾಲಾಗಿ ನಿಂತಿರುತ್ತಿದ್ದವು, ಒಳಗೆ ಎರಡು ಪ್ಲಾಟ್‌ಫಾರಂ ಖಾಲಿ ಇರುತ್ತಿತ್ತು.

ಇದು ನನ್ನ ತಲೆಯಿಂದ ಬಂದ ಯೋಚನೆ ಅಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ 1972ರ ಒಲಿಂಪಿಕ್ಸ್‌ಗೆ ಮುಂಚೆ ಹೀಗೇ ಮಾಡಿದರು. ಮುಖ್ಯ ಸ್ಟೇಷನ್ನಿನಿಂದ ಪೂರ್ವ ಸ್ಟೇಷನ್ ತನಕ ಊರ ಕೆಳಗೆ ಸುರಂಗ. ಎರಡೇ ಹಳಿ. ಅದರಲ್ಲಿ ಒಂದು ದಿಕ್ಕಿಗೆ ಗಂಟೆಗೆ 30 ರೈಲು ತನಕ ಓಡಿಸುತ್ತಾರೆ. ಫಿಲಡೆಲ್ಫಿಯಾದಲ್ಲಿ ಎರಡು ಬೇರೆ ಬೇರೆ ರೈಲು ಕಂಪನಿಗಳ ಕಾಲದ ಕೊನೆ ಸ್ಟೇಷನ್ನುಗಳ ಜಾಲವನ್ನು 1984ರಲ್ಲಿ ಸುರಂಗದಿಂದ ಒಂದು ಮಾಡಿದರು. ನಿಜದ ಊರಲ್ಲಿ ನಡೆದದ್ದು ಆಟದಲ್ಲಿ ಯಾಕೆ ನಡೆಯಬಾರದು ಅಂತ ಕೇಳಿದೆ. ಗೆಳೆಯರ ಉತ್ತರ ಒಂದೇ: ಆಟದಲ್ಲಿ ರೈಲು ಸಿಕ್ಕಿಕೊಳ್ಳುತ್ತದೆ, ಒಂದು ಸಿಕ್ಕಿಕೊಂಡರೆ ಆರೂ ಕವಲು ನಿಲ್ಲುತ್ತದೆ. ಅವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ತೊಡಕು ಇಳಿಜಾರು. ರಸ್ತೆ ಥಟ್ಟನೆ ನೆಲದಡಿ ಇಳಿಯುತ್ತದೆ, ಹಳಿ ಇಳಿಯಲ್ಲ. ಪಶ್ಚಿಮ ಸ್ಟೇಷನ್ ಮುಂದಿನಿಂದಲೇ ಒಂದು ಹೆಜ್ಜೆ ಕೆಳಗೆ, ಅಂದರೆ 12 ಮೀಟರ್ ಇಳಿಸಲು ಹೋದೆ. ಇಳಿಜಾರು ಜಾಸ್ತಿ ಅಂತ ಕೆಂಪು ಅಕ್ಷರ. ಹೆಜ್ಜೆಯನ್ನು 3 ಮೀಟರಿಗೆ ಇಳಿಸಿಕೊಂಡು ತುಂಡು ತುಂಡಾಗಿ ಎಳೆದೆ. ಆಯಿತು, ಆದರೆ ಸುರಂಗದ ಬಾಯಿ ಎಲ್ಲಿ ಬಂದು ನಿಂತಿತು ಗೊತ್ತಾ, ಊರಿನ ಅತಿ ದಟ್ಟ ಬೀದಿಯ ನಟ್ಟ ನಡುವೆ. ಮೂವತ್ತಕ್ಕೂ ಹೆಚ್ಚು ದೊಡ್ಡ ಕಟ್ಟಡ ಬೀಳಬೇಕಿತ್ತು. ಮೂರು ದಿನ ಬೇರೆ ಬೇರೆ ದಾರಿ ಹುಡುಕಿದೆ. ಕೊನೆಗೆ ಹೊಳೆದದ್ದು ಇಷ್ಟು. ಇಳಿಯಬೇಕಾದ್ದು ಸ್ಟೇಷನ್ ಆದ ಮೇಲೆ ಅಲ್ಲ, ಸ್ಟೇಷನ್ನಿಗೆ ಮುಂಚೆಯೇ. ಹಳಿಗಳು ಊರಿಗೆ ಬರುವ ಕಡೆ ಹಳೇ ಗೂಡ್ಸ್ ಶೆಡ್ ಜಾಗ ಖಾಲಿ ಬಿದ್ದಿತ್ತು ಅಲ್ವಾ, ಅಲ್ಲೇ ಹಳಿಯನ್ನು ನೆಲದಡಿಗೆ ಇಳಿಸಿದೆ. ಸ್ಟೇಷನ್ನನ್ನೇ ನೆಲದಡಿ ಮಾಡಿದೆ, ವರ್ಕ್‌ಶಾಪ್‌ನಲ್ಲಿ (ಆಟಗಾರರು ತಾವು ಮಾಡಿದ್ದನ್ನು ಹಂಚಿಕೊಳ್ಳುವ ಕಡೆ) ಸಿಗುವ ನೆಲದಡಿ ಸ್ಟೇಷನ್ ಹಾಕಿ. ಮೇಲಿದ್ದ ಹಳೇ ಸ್ಟೇಷನ್ ಜಾಗ ಪೂರ್ತಿ ಬಿಡುಗಡೆ ಆಯಿತು. ಬಿದ್ದ ಕಟ್ಟಡ ಒಟ್ಟು ಐದೋ ಆರೋ. ಗೂಡ್ಸ್ ಶೆಡ್ ಎತ್ತಿದ್ದರ ಲಾಭ ಎರಡನೇ ಸಲ ಸಿಕ್ಕಿತು.

ದುಡ್ಡು. ಸುರಂಗ, ಮೂರು ನೆಲದಡಿ ಸ್ಟೇಷನ್, ಪೂರ್ವದ ಕಡೆಯ ಇಳಿಜಾರು ಎಲ್ಲ ಸೇರಿ ಏಳು ಲಕ್ಷದ ಹತ್ತಿರ. ನನ್ನ ಹತ್ತಿರ ಇದ್ದದ್ದು ನಾಲ್ಕೂಕಾಲು. ಮೂರು ಬ್ಯಾಂಕಿನ ಸಾಲವನ್ನೂ ಒಟ್ಟಿಗೆ ಎತ್ತಿದೆ. ಇಷ್ಟು ದೊಡ್ಡ ಊರಿಗೆ ಸಾಲ ಎತ್ತುವುದು ಅಂದರೆ ಹಳೇ ಆಟಗಾರರಿಗೆ ನಗು ಬರುತ್ತದೆ, ನನಗೆ ಬೇರೆ ದಾರಿ ಇರಲಿಲ್ಲ. ಸುರಂಗಕ್ಕೆ ಕಟ್ಟುವ ಖರ್ಚು ಒಂದು ಸಲದ್ದು, ವಾರವಾರದ ನಿರ್ವಹಣೆ ಖರ್ಚು ಬಿಡಲ್ಲ. ಅದೇ ಐದು ಸಾವಿರದ ಆಸುಪಾಸು ಏರಿತು. ಕಂತು ಬೇರೆ. ಕೆಲಸ ಮುಗಿಸಿ ಮೊದಲ ರೈಲು ಬಿಟ್ಟಾಗ ಖಜಾನೆಯಲ್ಲಿ ಹನ್ನೆರಡು ಸಾವಿರ ಉಳಿದಿತ್ತು, ವಾರದ ಉಳಿತಾಯ ಹತ್ತು ಸಾವಿರಕ್ಕೆ ಬಂದಿತ್ತು. ಒಂದು ಸ್ಟೇಷನ್ ತಪ್ಪಾದರೂ ಊರು ದಿವಾಳಿ.

ಮತ್ತೆ ಆದದ್ದೇನು? ಗೆಳೆಯರು ಹೇಳಿದ ಹಾಗೇ ಆಯಿತು.

ಬಿಟ್ಟ ಹದಿನೈದೇ ನಿಮಿಷದಲ್ಲಿ ಸುರಂಗದ ತುಂಬ ರೈಲು. ಯಾವುದೂ ಕದಲುತ್ತಿಲ್ಲ. ನೆಲದಡಿ ನೋಟಕ್ಕೆ ಹೋಗಿ ಒಂದೊಂದೇ ರೈಲನ್ನು ಕ್ಲಿಕ್ ಮಾಡುತ್ತಾ ಹೋದೆ. ಒಂದು ರೈಲಿಗೆ 240 ಜನ ಹಿಡಿಯುತ್ತದೆ. ಮೊದಲನೆಯದರಲ್ಲಿ 11 ಜನ. ಎರಡನೆಯದರಲ್ಲಿ 4. ಮೂರನೆಯದು ಖಾಲಿ. ಯಾವುದೂ ನನ್ನ ಲೈನಿನ ರೈಲಲ್ಲ. ಬಣ್ಣವೂ ನನ್ನದಲ್ಲ. ಎಲ್ಲ ಹೊರಊರಿನಿಂದ ಬಂದವು. ಮ್ಯಾಪಿನ ಅಂಚಿನಿಂದ ಹುಟ್ಟುವ ಈ ರೈಲುಗಳು ಹಳಿ ಎಲ್ಲಿಗೆ ಮುಟ್ಟುತ್ತದೋ ಆ ಎಲ್ಲ ಸ್ಟೇಷನ್ನಿಗೂ ಬರುತ್ತವೆ. ಮೊದಲು ಎರಡು ಕೊನೆ ಸ್ಟೇಷನ್ ಬೇರೆ ಬೇರೆ ಇದ್ದಾಗ ಅರ್ಧ ಅಲ್ಲಿ, ಅರ್ಧ ಇಲ್ಲಿ ಬರುತ್ತಿದ್ದವು. ಈಗ ನಾನೇ ಬಾಗಿಲು ತೆರೆದು ಕೊಟ್ಟಿದ್ದೆ, ಪಶ್ಚಿಮದ ಅಂಚಿನವು ಪೂರ್ವದ ಹಳ್ಳಿ ಸ್ಟೇಷನ್ ತನಕ ನನ್ನ ಸುರಂಗದಲ್ಲೇ ಹಾಯುತ್ತಿದ್ದವು. ಮೇಲಿಂದ ಗೂಡ್ಸ್ ರೈಲುಗಳೂ ಹತ್ತಿರದ ದಾರಿ ಸಿಕ್ಕಿತು ಅಂತ ಇಲ್ಲೇ ನುಗ್ಗಿದ್ದವು.

ಇನ್ನೊಂದು ಗಂಟು ಪೂರ್ವದ ಜಂಕ್ಷನ್ನಿನಲ್ಲಿತ್ತು. ಎರಡು ಜಂಕ್ಷನ್ ನಡುವಿನ ಹಳಿ ಒಂದು ರೈಲಿಗಿಂತ ಗಿಡ್ಡ. ಮುಂದಿನ ಜಂಕ್ಷನ್ನಿಗೆ ರೈಲು ನಿಂತರೆ ಅದರ ಬಾಲ ಹಿಂದಿನ ಜಂಕ್ಷನ್ ಮೇಲೆ. ಆ ಬಾಲ ತಪ್ಪಲಿ ಅಂತ ಕಾಯುವ ರೈಲಿನ ಬಾಲ ಇನ್ನೊಂದರ ಮೇಲೆ. ಸುತ್ತಿ ಬಂದು ಮೊದಲ ರೈಲು ಕಾಯುತ್ತಿರುವುದೂ ಇದೇ ಬಾಲಕ್ಕೆ. ಹೀಗೆ ಗಂಟು ಬಿದ್ದರೆ ಬಿಚ್ಚುವುದೇ ಇಲ್ಲ, ನಾವೇ ಒಂದು ರೈಲನ್ನು ಎತ್ತಿ ಹಾಕಬೇಕು.

ಸರಿಪಡಿಸಲು ಎರಡು ವಾರ ಹಿಡಿಯಿತು. ಮೊದಲು ಸ್ಟೇಷನ್ನುಗಳಲ್ಲಿ ಹೊರಊರಿನ ರೈಲಿಗೆ ಅನುಮತಿ ಕೊಡುವ ಟಿಕ್ ತೆಗೆದೆ. ಪ್ರಯಾಣಿಕ ರೈಲು ನಿಂತವು, ಗೂಡ್ಸ್ ನಿಲ್ಲಲಿಲ್ಲ. ಆಮೇಲೆ ಹಳಿಯನ್ನೇ ಕತ್ತರಿಸಿದೆ. ಊರೊಳಗಿನ ಲೋಕಲ್ ಜಾಲ ಈಗ ಪೂರ್ತಿ ಬೇರೆ, ಹೊರಗಿನ ಹಳಿಗೆ ಎಲ್ಲೂ ಅಂಟಿಲ್ಲ. ಹೊರಊರಿನ ರೈಲಿಗೆ ಪಶ್ಚಿಮದ ಅಂಚಿನಲ್ಲಿ ಒಂದೇ ಸ್ಟೇಷನ್. ಅದರ ಪಕ್ಕಕ್ಕೇ ನನ್ನ ಲೋಕಲ್ ಸ್ಟೇಷನ್, ನಡುವೆ ನಡೆದು ಹೋಗುವ ಸೇತುವೆ. ಜನ ಇಳಿದು ನಡೆದು ಹತ್ತುತ್ತಾರೆ. ಗೂಡ್ಸ್‌ಗೆ ಊರ ಹೊರಗಿಂದ ಸುತ್ತು ಹಳಿ ಎಳೆದೆ, ಉದ್ದ ಜಾಸ್ತಿ ಆದರೂ ಖಾಲಿ ಜಾಗದಲ್ಲಿ ಹೋಗುವುದರಿಂದ ಅಗ್ಗ. ಎಂಬತ್ತು ಸಾವಿರವೋ ತೊಂಬತ್ತೋ ಆಯಿತು. ಲೋಕಲ್ ರೈಲುಗಳು ಹೊರಗಿನ ಹಳಿ ಇಲ್ಲದಿದ್ದರೂ ಸ್ಟೇಷನ್ನಿನಲ್ಲೇ ಹುಟ್ಟುತ್ತವೆ, ಅದರ ಚಿಂತೆ ಬೇಡ. ತುಂಬ ಜನ ಇದೇ ಭಯಕ್ಕೆ ಹಳಿ ಕತ್ತರಿಸಲು ಹೆದರುತ್ತಾರೆ.

ಜಂಕ್ಷನ್ನುಗಳಲ್ಲಿ ಹಳಿ ಹಳಿಯನ್ನು ನೆಲದ ಮೇಲೆ ಅಡ್ಡ ಹಾಯುವುದನ್ನು ಪೂರ್ತಿ ತೆಗೆದೆ. ಒಂದು ಮೇಲೆ, ಒಂದು ಕೆಳಗೆ. ಕವಲು ಕೂಡುವ ಕಡೆ ಎರಡು ರೈಲಿನಷ್ಟು ಉದ್ದದ ಜಾಗ ಬಿಟ್ಟೆ. ಪೂರ್ವದ ಜಂಕ್ಷನ್ನಿನಲ್ಲಿ ಮೂರು ಕವಲನ್ನು ಬರೀ ಎರಡು ಬೀದಿ ಅಗಲದ ಜಾಗದಲ್ಲಿ ಹೀಗೆ ಹೆಣೆದಿದ್ದೇನೆ. ಇದನ್ನು ನೋಡಿದವರೆಲ್ಲ ಕೇಳುವುದು ಹೇಗೆ ಹಿಡಿಸಿದೆ ಅಂತ. ಅದನ್ನು ಈಗ ಹೇಳಲ್ಲ. ಯಾವ ಮಾಡ್ ಕೂಡ ಬೇಕಿಲ್ಲ, ಎಳೆಯುವ ಕ್ರಮದಲ್ಲಿದೆ ಗುಟ್ಟು, ಅಷ್ಟು ಸುಳಿವು ಸಾಕು.

ಲೈನ್ ಹಾಕುವುದರಲ್ಲೂ ಒಂದು ಸಲ ಎಡವಿದೆ. ಮೊದಲು ಪಶ್ಚಿಮದ ಕೊನೆಯಿಂದ ಪೂರ್ವದ ಕೊನೆಗೆ ಹತ್ತೊಂಬತ್ತು ಸ್ಟೇಷನ್ನಿನ ಒಂದೇ ಉದ್ದ ಲೈನ್, ಉಳಿದ ಕವಲಿಗೆ ಚಿಕ್ಕ ಲೈನುಗಳು. ಉದ್ದ ಲೈನಿನಲ್ಲಿ ರೈಲುಗಳು ಒಂದರ ಹಿಂದೆ ಒಂದು ಗುಂಪು ಕಟ್ಟಿಕೊಳ್ಳುತ್ತವೆ. ಮುಂದಿನದು ತುಂಬಿ ತುಳುಕುತ್ತದೆ, ಹಿಂದಿನವು ಖಾಲಿ. ಕಾದು ಕಾದು ಬೇಸತ್ತ ಜನ ಮತ್ತೆ ಕಾರಿಗೆ ಹೋಗುತ್ತಾರೆ. ಅದನ್ನು ತೆಗೆದು ಪಶ್ಚಿಮದ ಒಂದು ಕವಲಿಗೆ ಪೂರ್ವದ ಒಂದು ಕವಲು ಗಂಟು ಹಾಕಿ ಮೂರು ಲೈನ್ ಮಾಡಿದೆ. ಮೂರೂ ಸುರಂಗದಲ್ಲಿ ಒಟ್ಟಿಗೆ ಹೋಗುತ್ತವೆ. ಹೊರಗಿನ ಬಡಾವಣೆಯಲ್ಲಿ ನಿಂತವನಿಗೆ ಒಂದು ಲೈನ್ ಸಿಕ್ಕರೆ, ನಡು ಊರಲ್ಲಿ ನಿಂತವನಿಗೆ ಮೂರು ಲೈನಿನ ರೈಲೂ ಸಿಗುತ್ತದೆ. ಜನ ಎಲ್ಲಿ ಜಾಸ್ತಿಯೋ ಅಲ್ಲಿ ರೈಲೂ ಜಾಸ್ತಿ, ಪ್ರತ್ಯೇಕ ಖರ್ಚಿಲ್ಲದೆ. ಯಾವ ಕವಲಿಗೆ ಯಾವುದನ್ನು ಜೋಡಿಸಬೇಕು ಅನ್ನುವುದನ್ನು ಕಣ್ಣಳತೆಯಲ್ಲಿ ಮಾಡಬೇಡಿ. ಎರಡು ಕಡೆಯೂ ಜನ ಹೆಚ್ಚು ಕಮ್ಮಿ ಸಮ ಇರಬೇಕು. ಇಲ್ಲದಿದ್ದರೆ ಅರ್ಧ ದಾರಿ ಖಾಲಿ ರೈಲು ಓಡಿಸಿದ ಹಾಗೆ. ರೈಲಿಗೆ ಎಷ್ಟು ದುಡ್ಡು ಅಂತ ಗೊತ್ತು ಮಾಡುವ ಬಜೆಟ್ ಸ್ಲೈಡರನ್ನು ಶೇಕಡಾ 115ರ ಹತ್ತಿರ ನಿಲ್ಲಿಸಿದ್ದೇನೆ. 150ಕ್ಕೆ ಏರಿಸಿ ನೋಡಿದೆ, ರೈಲು ಜಾಸ್ತಿ ಆಗಿ ಸುರಂಗವೇ ಉಸಿರುಗಟ್ಟಿತು.

ಇಷ್ಟಾದ ಮೇಲೆ ಹರಿವು 59ರಿಂದ 74. ಸೇತುವೆ ಮೇಲೆ ಕಾರು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಟಿಕೆಟ್ ದುಡ್ಡು ರೈಲಿನ ಖರ್ಚನ್ನು ಪೂರ್ತಿ ತುಂಬಲ್ಲ, ತುಂಬುತ್ತದೆ ಅನ್ನುವ ಆಸೆಯಲ್ಲಿ ಯಾರೂ ಕಟ್ಟಬೇಡಿ. ದುಡ್ಡು ಬಂದದ್ದು ಬೇರೆ ಕಡೆಯಿಂದ. ಹಳೇ ಸ್ಟೇಷನ್ನಿನ ಮೇಲಿನ ಜಾಗ, ಅದಕ್ಕೆ ಬರುತ್ತಿದ್ದ ಹಳಿಯ ಜಾಗ, ಎಲ್ಲ ಊರಿನ ನಟ್ಟ ನಡುವೆ. ಅಲ್ಲಿ ಆಫೀಸು ಮತ್ತು ಮನೆ ಕಟ್ಟಿಕೊಳ್ಳಲು ಬಿಟ್ಟೆ. ಆಟದ ಮೂರು ವರ್ಷದಲ್ಲಿ ಸಾಲ ತೀರಿತು. ಈಗ ವಾರಕ್ಕೆ 50 ಸಾವಿರ ದಾಟಿ ಉಳಿಯುತ್ತಿದೆ.

ಅಲ್ಲೂ ಒಂದು ಪೆಟ್ಟು ತಿಂದೆ, ಹೇಳಲೇಬೇಕು. ಆ ಜಾಗಕ್ಕೆಲ್ಲ ಒಂದೇ ದಿನ ಮನೆಗಳನ್ನು ಬಿಟ್ಟೆ. ಒಂದೇ ವಯಸ್ಸಿನ ಜನ ಒಟ್ಟಿಗೆ ಬಂದರು. ಆರು ವರ್ಷದ ಹತ್ತಿರಕ್ಕೆ ಎಲ್ಲರೂ ಒಟ್ಟಿಗೆ ಸತ್ತರು. ಶವ ಸಾಗಿಸುವ ಗಾಡಿಗಳು ಬೀದಿ ತುಂಬಿ, 80 ಇದ್ದ ಹರಿವು ಒಂದು ವಾರದಲ್ಲಿ 68ಕ್ಕೆ ಬಿತ್ತು. ಮನೆ ಬಿಡುವಾಗ ನಾಲ್ಕು ಮನೆ ಇವತ್ತು, ನಾಲ್ಕು ಮನೆ ನಾಳೆ ಅಂತ ಬಿಡಿ. ತಾಳ್ಮೆ ಬೇಕು ಅಷ್ಟೇ.

74ರಿಂದ 84ಕ್ಕೆ ಹೋದದ್ದು ಚಿಕ್ಕ ಚಿಕ್ಕ ಪ್ರಯೋಗಗಳಿಂದ. ಅದರಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಒಂದು ರಸ್ತೆಯನ್ನು ಕಿತ್ತದ್ದು. ಉತ್ತರದ ಸೇತುವೆಯಿಂದ ಆಫೀಸು ಬೀದಿಗೆ ಒಂದು ಅಡ್ಡ ರಸ್ತೆ ಇತ್ತು, ಮುನ್ನೂರು ಮೀಟರ್ ಇರಬಹುದು. ದಕ್ಷಿಣದ ಸೇತುವೆಗೆ ಹೋಗಬೇಕಾದವರೂ ಹತ್ತಿರ ಅಂತ ಇದಕ್ಕೇ ನುಗ್ಗುತ್ತಿದ್ದರು. ಕಿತ್ತು ಹಾಕಿದೆ. ಐದು ಅಂಕ ಏರಿತು! ರಸ್ತೆ ಸೇರಿಸಿದರೆ ಎಲ್ಲರ ಪ್ರಯಾಣವೂ ಉದ್ದವಾಗಬಹುದು ಅಂತ ಡೀಟ್ರಿಚ್ ಬ್ರೇಸ್ ಎಂಬ ಜರ್ಮನ್ ಗಣಿತಜ್ಞರು 1968ರಲ್ಲಿ ತೋರಿಸಿದ್ದರು. ಆದರೆ ಆಟದಲ್ಲಿ ಕಾರಣ ಸ್ವಲ್ಪ ಬೇರೆ. ಬ್ರೇಸ್ ಹೇಳಿದ್ದು ದಟ್ಟಣೆ ನೋಡಿ ದಾರಿ ಆರಿಸುವ ಚಾಲಕರ ಬಗ್ಗೆ. ನಮ್ಮ ಆಟದ ಚಾಲಕ ಹೊರಡುವಾಗಲೇ ದೂರ ಮತ್ತು ವೇಗದ ಲೆಕ್ಕದಲ್ಲಿ ದಾರಿ ಗೊತ್ತು ಮಾಡಿಕೊಂಡು ಬಿಡುತ್ತಾನೆ, ಆಮೇಲೆ ಜಾಮ್ ಸಿಕ್ಕರೂ ದಾರಿ ಬದಲಿಸುವುದಿಲ್ಲ. ಅದಕ್ಕೇ ಒಂದು ಒಳ್ಳೇ ಅಡ್ಡದಾರಿ ಇದ್ದರೆ ಸಾವಿರ ಜನವೂ ಅದಕ್ಕೇ ಬೀಳುತ್ತಾರೆ. ಮೂರು ಲೇನ್ ಖಾಲಿ ಇದ್ದರೂ ಒಂದೇ ಲೇನಿನಲ್ಲಿ ಸಾಲು ನಿಲ್ಲುವುದೂ ಇದಕ್ಕೇ. ಲೇನ್ ಸೇರಿಸಿ ಏನು ಬಂತು?

ಸಿಯೋಲ್‌ನಲ್ಲಿ ಇನ್ನೂ ದೊಡ್ಡದು ಮಾಡಿದರು. ಚಿಯೊಂಗ್ಗೆಚಿಯೊನ್ ತೊರೆ ಮೇಲೆ ಕಟ್ಟಿದ್ದ ಎತ್ತರದ ಹೆದ್ದಾರಿಯನ್ನು 2003ರಲ್ಲಿ ಕೆಡವಲು ಶುರು ಮಾಡಿ 2005ರಲ್ಲಿ ತೊರೆಯನ್ನೇ ವಾಪಸ್ ತಂದರು. ಅದರ ಚಿತ್ರಗಳನ್ನು ನೋಡಿದ ಮೇಲೆಯೇ ನನಗೆ ರಸ್ತೆ ಕೀಳುವ ಧೈರ್ಯ ಬಂದದ್ದು. ಈಗ ಆ ಮುನ್ನೂರು ಮೀಟರಿನಲ್ಲಿ ಮರ ಮತ್ತು ನಡೆಯುವ ದಾರಿ ಇದೆ. ಈ ಆಟದ ಜನ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ, ದಾರಿ ಕೊಡಬೇಕು ಅಷ್ಟೇ. ನೆಲದಡಿ ಸ್ಟೇಷನ್ನುಗಳ ಬಾಗಿಲಿಂದ ಸುತ್ತಲಿನ ನಾಲ್ಕೂ ಬೀದಿಗೆ ನಡೆಯುವ ಸೇತುವೆ ಕೊಟ್ಟೆ. ಜನ ರಸ್ತೆ ದಾಟುವುದು ನಿಂತಿತು, ಗಾಡಿಗಳು ಅವರಿಗಾಗಿ ಕಾಯುವುದೂ ನಿಂತಿತು. ಖರ್ಚು ಇಪ್ಪತ್ತು ಸಾವಿರವೂ ಆಗಿಲ್ಲ, ಮೂರು ಅಂಕ ಸಿಕ್ಕಿತು. ಇಷ್ಟು ಅಗ್ಗದ ಮದ್ದು ಬೇರೆ ಇಲ್ಲ.

ನಡೆಯದ ಪ್ರಯೋಗಗಳೂ ಇವೆ. ಸಾರಿಗೆ ಉಚಿತ ಅನ್ನುವ ಪಾಲಿಸಿ ಹಾಕಿದೆ. ಜನ ಏರಿದರು, ಆದರೆ ಆಗಲೇ ತುಂಬಿದ್ದ ನಡು ಸ್ಟೇಷನ್ನಿನಲ್ಲಿ ಏರಿದರು, ಪ್ಲಾಟ್‌ಫಾರಂನಲ್ಲಿ ಕಾಯುವವರು ಸಾವಿರ ದಾಟಿದರು, ಕಾರು ಮಾತ್ರ ಅಷ್ಟೇ ಇತ್ತು. ಒಂದು ತಿಂಗಳಿಗೆ ತೆಗೆದೆ. ಹಳೇ ಊರಿನಲ್ಲಿ ಹಾದುಹೋಗುವ ಗಾಡಿ ಬಂದ್ ಮಾಡುವ ಪಾಲಿಸಿ ಹಾಕಿದೆ, ಅದು ಒಳ್ಳೇದೇ, ಆದರೆ ಪಕ್ಕದ ಬಡಾವಣೆಗೆ ತೊಂದರೆ ವರ್ಗವಾಯಿತು. ಸಿಗ್ನಲ್ ತೆಗೆಯುವುದು ಮಾತ್ರ ಯಾವತ್ತೂ ಕೈ ಕೊಟ್ಟಿಲ್ಲ. ಚಿಕ್ಕ ರಸ್ತೆ ದೊಡ್ಡ ರಸ್ತೆಗೆ ಸೇರುವ ಕಡೆ ಇದ್ದ ನಲವತ್ತಕ್ಕೂ ಹೆಚ್ಚು ಸಿಗ್ನಲ್ ಕಿತ್ತು, ಚಿಕ್ಕ ರಸ್ತೆಗೆ ನಿಂತು ಹೋಗುವ ಫಲಕ ಕೊಟ್ಟೆ. ಯಾವ ಸಿಗ್ನಲ್ ಕೀಳಬಾರದು ಅನ್ನುವುದಕ್ಕೆ ನನ್ನದೇ ಒಂದು ಗುರುತು ಇಟ್ಟುಕೊಂಡಿದ್ದೇನೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದೆಲ್ಲ ನೋಡಿ, "ಈ ಅಂಕಿ ನಂಬಬೇಡಿ, ಊರು ದೊಡ್ಡದಾದರೆ ಆಟವೇ ಗಾಡಿಗಳನ್ನು ಕಡಿಮೆ ಮಾಡುತ್ತದೆ" ಅಂದವರಿದ್ದಾರೆ. ಆಟಕ್ಕೆ ಒಟ್ಟಿಗೆ 16,384 ಗಾಡಿಯ ಮಿತಿ ಇರುವುದು ನಿಜ. ಓಡಾಡುವ ಜನಕ್ಕೂ 65,536ರ ಮಿತಿ ಇದೆ. ಅದಕ್ಕೇ ನಾನು ಮಾಡ್ ಹಾಕಿ ಎಣಿಸಿದೆ. 47 ಇದ್ದಾಗ ರಸ್ತೆಯಲ್ಲಿ ಹದಿನಾಲ್ಕು ಸಾವಿರದ ಹತ್ತಿರ ಗಾಡಿ. ಈಗ ಜನ ಜಾಸ್ತಿ ಆಗಿ ಒಂಬತ್ತು ಸಾವಿರ ಚಿಲ್ಲರೆ. ಎರಡು ಸಲವೂ ಮಿತಿಗೆ ಮುಟ್ಟಿಲ್ಲ. ಹೊಸ ಮ್ಯಾಪ್ ತೆಗೆಯಿರಿ ಅಂದಿದ್ದ ಗೆಳೆಯರು ಮೊನ್ನೆ ಸೇವ್ ಫೈಲ್ ತೆಗೆದುಕೊಂಡು ತಮ್ಮ ಕಂಪ್ಯೂಟರಿನಲ್ಲಿ ಒಂದು ಇಡೀ ವರ್ಷ ಓಡಿಸಿದರು. ಅವರಿಗೂ 83, 84ರಲ್ಲೇ ನಿಂತಿತು. ಈಗ ಅವರ ಊರಲ್ಲೂ ಸುರಂಗ ಅಗೆಯುತ್ತಿದ್ದಾರೆ, ಪೂರ್ವದ ಜಂಕ್ಷನ್ ಹೇಗೆ ಹೆಣೆದದ್ದು ಅಂತ ದಿನಾ ಕೇಳುತ್ತಾರೆ.

ನನ್ನ ಕೆಲಸ ಮುಗಿದಿಲ್ಲ. ದಕ್ಷಿಣದ ಸೇತುವೆಯ ಇಳಿಕೆಯಲ್ಲಿ ಸಂಜೆ ಹೊತ್ತು ಈಗಲೂ ಕೆಂಪು ಗೆರೆ ಬೀಳುತ್ತದೆ. ಕ್ಲಿಕ್ ಮಾಡಿ ನೋಡಿದ್ದೇನೆ, ಅರ್ಧಕ್ಕರ್ಧ ಕಸದ ಗಾಡಿ. ಕಸ ಸುಡುವ ಘಟಕ ನದಿಯ ತಪ್ಪು ದಡದಲ್ಲಿದೆ. ಶನಿವಾರ ಕೂತು ಅದನ್ನು ಎತ್ತಬೇಕು. ಅದು ಎದ್ದರೆ ನಾಲ್ಕನೇ ಕವಲಿಗೆ ಇಳಿಜಾರು ಕೊಡಲು ಜಾಗವೂ ಸಿಗುತ್ತದೆ. ಅಳತೆ ಹಾಕಿ ಇಟ್ಟಿದ್ದೇನೆ, 3 ಮೀಟರಿನ ಹೆಜ್ಜೆಯಲ್ಲಿ ಸರಿಯಾಗಿ ಕೂರುತ್ತದೆ.